ಒಳಗೋಡೆ ನೋಡಿ ಹೆಸರಿಡೋಣ

ಪಳೆಯುಳಿಕೆ ಕುರಿತ ಪಾಠ ಯೋಜನೆಗಳಲ್ಲಿ ಒಂದು ವಾಕ್ಯ ವರ್ಷದಿಂದ ವರ್ಷಕ್ಕೆ ಹಾಗೆಯೇ ನಕಲಾಗಿ ಬರುತ್ತಿದೆ: ‘ಅಮೋನೈಟ್ ಎಂಬುದು ಶಂಖದ ಆಕಾರದ ಒಂದು ಪಳೆಯುಳಿಕೆ.’ ಅದರ ಜೊತೆಗೆ ಡ್ರಾಯಿಂಗ್ ಹಾಳೆಯ ಮೇಲೆ ಸುರುಳಿಯ ಚಿತ್ರ, ಪಕ್ಕದಲ್ಲಿ ಕೊಂಬಿನಂತಹ ಹವಳದ ಚಿತ್ರ, ಕೆಳಗೆ ಸ್ಕೆಚ್ ಪೆನ್ನಿನಲ್ಲಿ ಹೆಸರು. ಪ್ರಶಿಕ್ಷಣಾರ್ಥಿ ಕೋಲು ತೋರಿಸುತ್ತಾರೆ, ಮಕ್ಕಳು ಒಕ್ಕೊರಲಿನಲ್ಲಿ ಹೆಸರು ಹೇಳುತ್ತಾರೆ, ವೀಕ್ಷಣಾ ಪುಸ್ತಕದಲ್ಲಿ ‘ಬೋಧನೋಪಕರಣ ಬಳಕೆ ಉತ್ತಮ’ ಎಂದು ಬೀಳುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಶಾಲೆಗಳಿಗೆ ಅಭ್ಯಾಸ ಬೋಧನೆಯ ವೀಕ್ಷಣೆಗೆ ಹೋಗುವ ನನಗೆ ಈ ಪಾಠದ ಬಗ್ಗೆ ಬಹಳ ದಿನದಿಂದ ಒಂದು ತಕರಾರಿದೆ. ಶಂಖ ಎಂಬ ಪದ ಅಲ್ಲಿ ಸಲ್ಲದು ಎನ್ನುವುದು ಸಣ್ಣ ಮಾತು. ಹೊರಗಿನ ಆಕಾರ ಕಂಡು ಹೆಸರಿಟ್ಟರೆ ಸಾಕು ಎಂದು ಆ ವಾಕ್ಯ ಮಕ್ಕಳಿಗೆ ಕಲಿಸುತ್ತದೆಯಲ್ಲ, ಅದು ದೊಡ್ಡ ಮಾತು. ಶಿರಪಾದಿಗಳ ಮತ್ತು ಹವಳಗಳ ಗುರುತು ಇರುವುದು ಅವುಗಳ ಒಳಗೋಡೆಗಳಲ್ಲಿ. ಆದ್ದರಿಂದ ಇದು ಕುಯ್ದು ನೋಡುವ ಪಾಠವಾಗಬೇಕು ಎಂಬುದು ನನ್ನ ವಾದ.

ಮೊದಲು ಸುರುಳಿಯ ವಿಷಯ. ಸತ್ತ ಬಸವನಹುಳುವಿನ ಖಾಲಿ ಚಿಪ್ಪನ್ನು ಸೋಪಿನ ನೀರಿನಲ್ಲಿ ತೊಳೆದು, ಮರಳು ಕಾಗದದ ಮೇಲೆ ಉಜ್ಜಿ ಅರ್ಧ ಸವೆಸಿ ನೋಡಿ. ಒಳಗೆ ಕಾಣುವುದು ಒಂದೇ ಉದ್ದನೆಯ ಕೊಳವೆ. ಅದು ನಡುಗಂಬವನ್ನು ಸುತ್ತಿಕೊಂಡು ತುದಿಯವರೆಗೆ ಹೋಗುತ್ತದೆ, ಮಧ್ಯೆ ತಡೆಯಿಲ್ಲ. ಶಂಖವೂ ಅದೇ ಕುಲದ್ದು. ಅಮೋನೈಟನ್ನಾಗಲಿ, ಇಂದಿಗೂ ಸಮುದ್ರದಲ್ಲಿ ಬದುಕಿರುವ ಅದರ ದೂರದ ನೆಂಟ ನಾಟಿಲಸ್ಸನ್ನಾಗಲಿ ಹೀಗೆ ಸೀಳಿದರೆ ಕೊಳವೆಯ ಉದ್ದಕ್ಕೂ ಅಡ್ಡಗೋಡೆಗಳು. ಪ್ರಾಣಿ ವಾಸಿಸುವುದು ಕೊನೆಯ ದೊಡ್ಡ ಕೋಣೆಯಲ್ಲಿ ಮಾತ್ರ. ಮೈ ಬೆಳೆದಂತೆ ಮುಂದಕ್ಕೆ ಸರಿದು ಬೆನ್ನ ಹಿಂದೆ ಒಂದು ಗೋಡೆ ಕಟ್ಟಿಕೊಳ್ಳುತ್ತದೆ. ಬೆಳೆದ ನಾಟಿಲಸ್‌ನಲ್ಲಿ ಇಂತಹ ಸುಮಾರು 30 ಕೋಣೆಗಳಿರುತ್ತವೆ. ಎಲ್ಲ ಗೋಡೆಗಳನ್ನೂ ತೂರಿಕೊಂಡು ಸೈಫಂಕಲ್ ಎಂಬ ಸಣ್ಣ ನಾಳ ಹಾದು ಹೋಗುತ್ತದೆ. ಹೊಸ ಕೋಣೆಯಲ್ಲಿರುವ ನೀರನ್ನು ಪ್ರಾಣಿ ಈ ನಾಳದ ಮೂಲಕ ಹೀರಿಕೊಳ್ಳುತ್ತದೆ, ಜಾಗಕ್ಕೆ ಅನಿಲ ಬರುತ್ತದೆ, ಭಾರದ ಚಿಪ್ಪು ನೀರಿನಲ್ಲಿ ಹಗುರಾಗುತ್ತದೆ. ಕೆಲವು ಬಸವನಹುಳುಗಳೂ ಚಿಪ್ಪಿನ ಹಳೆಯ ತುದಿಯನ್ನು ಗೋಡೆ ಕಟ್ಟಿ ಮುಚ್ಚಿಬಿಡುವುದುಂಟು. ಆದರೆ ಆ ಗೋಡೆಯನ್ನು ನಾಳ ದಾಟುವುದಿಲ್ಲ. ಹಾಗಾಗಿ ಮಕ್ಕಳ ಮುಂದೆ ಇಡಬೇಕಾದ ಪ್ರಶ್ನೆ ಎರಡು ಮೆಟ್ಟಿಲಿನದು: ಗೋಡೆ ಇದೆಯೇ? ಇದ್ದರೆ, ಗೋಡೆಯಲ್ಲಿ ನಾಳದ ತೂತು ಇದೆಯೇ?

ಆ ತೂತು ಎಲ್ಲಿದೆ ಎಂಬುದೂ ಮುಖ್ಯ. ನಾಟಿಲಸ್‌ನಲ್ಲಿ ಅದು ಗೋಡೆಯ ನಡುಭಾಗದಲ್ಲಿ. ಅಮೋನೈಟ್‌ಗಳಲ್ಲಿ ಬಹುಮಟ್ಟಿಗೆ ಸುರುಳಿಯ ಹೊರ ಅಂಚಿಗೆ ಅಂಟಿಕೊಂಡಂತೆ. ಇನ್ನೊಂದು ವ್ಯತ್ಯಾಸ ಗೋಡೆಯ ಅಂಚಿನಲ್ಲಿದೆ. ನಾಟಿಲಸ್‌ನ ಗೋಡೆ ಬಟ್ಟಲಿನಂತೆ ಸರಳವಾಗಿ ಬಾಗಿ ಚಿಪ್ಪಿಗೆ ಕೂಡುತ್ತದೆ. ಅಮೋನೈಟಿನ ಗೋಡೆ ನಡುವೆ ಹೆಚ್ಚುಕಡಿಮೆ ಸಪಾಟಾಗಿದ್ದು ಅಂಚಿಗೆ ಬಂದಂತೆ ಸೀರೆಯ ನೆರಿಗೆಯ ಹಾಗೆ ಮಡಿಕೆಯ ಮೇಲೆ ಮಡಿಕೆ ಬೀಳುತ್ತದೆ. ಅಂಚು ಚಿಪ್ಪಿಗೆ ಕೂಡಿದ ಗೆರೆಗೆ ಹೊಲಿಗೆ ಗೆರೆ ಎನ್ನೋಣ. ನೆರಿಗೆ ಬಿದ್ದ ಹೊಲಿಗೆ ಗೆರೆ ನೋಡಲು ಕೊತ್ತಂಬರಿ ಎಲೆಯ ಅಂಚಿನಂತಿರುತ್ತದೆ. ಇಂಗ್ಲೆಂಡಿನ ರಾಬರ್ಟ್ ಹುಕ್ ಇದನ್ನು 17ನೇ ಶತಮಾನದಲ್ಲೇ ಗಮನಿಸಿದ್ದ. ಸುರುಳಿ ಕಲ್ಲುಗಳನ್ನು ನಿಸರ್ಗದ ಚೇಷ್ಟೆ ಎಂದು ಹಲವರು ನಂಬಿದ್ದ ಕಾಲದಲ್ಲಿ ಆತ ಅವುಗಳ ಒಳಗಿನ ಕೋಣೆಗಳನ್ನು ನಾಟಿಲಸ್‌ನ ಕೋಣೆಗಳ ಪಕ್ಕ ಇಟ್ಟು ಹೋಲಿಸಿ, ಇವು ಒಂದು ಕಾಲದಲ್ಲಿ ಜೀವಂತ ಪ್ರಾಣಿಗಳ ಚಿಪ್ಪುಗಳಾಗಿದ್ದವು ಎಂದು ವಾದಿಸಿದ. ಆ ಉಪನ್ಯಾಸಗಳು ಅಚ್ಚಾದದ್ದು ಆತ ತೀರಿಕೊಂಡ ಮೇಲೆ, 1705ರಲ್ಲಿ. ಪಳೆಯುಳಿಕೆ ಎಂದರೆ ಸತ್ತ ಜೀವಿಯ ಗುರುತು ಎಂಬ ಮಾತು ಇಂದು ಒಂದು ಅಂಕದ ಉತ್ತರ. ಆ ಉತ್ತರ ಹುಟ್ಟಿದ್ದು ಹೀಗೆ ಒಳಗೆ ನೋಡಿದ್ದರಿಂದ.

ಇನ್ನು ಹವಳ. ನಮ್ಮ ಮಕ್ಕಳಿಗೆ ಹವಳ ಎಂದರೆ ಅಜ್ಜಿಯ ಕೊರಳಿನ ಕೆಂಪು ಮಣಿ. ಪಾಠ ಹೇಳುವವರು ಆ ಮಣಿಯಿಂದ ಆರಂಭಿಸುವುದು ಸಹಜ, ಆದರೆ ಅಲ್ಲೇ ನಿಂತರೆ ಕೆಲಸ ಕೆಡುತ್ತದೆ. ಒಡವೆಯ ಕೆಂಪು ಹವಳದ ಅಸ್ಥಿ ಗಟ್ಟಿಯಾದ ಕಡ್ಡಿಯಂತಹದ್ದು, ಅದರೊಳಗೆ ಗೋಡೆಗಳಿಲ್ಲ. ಪಳೆಯುಳಿಕೆಯಾಗಿ ಸಿಗುವ ಹವಳಗಳು ಬಹುಪಾಲು ಬಟ್ಟಲು ಅಥವಾ ಕೊಂಬಿನ ಆಕಾರದವು. ಅಂತಹ ಒಂದು ಕೊಂಬು ಹವಳವನ್ನೂ, ಸುರುಳಿಯಾಗದೆ ನೇರವಾಗಿ ಬೆಳೆದ ಹಳೆಯ ಶಿರಪಾದಿಯ ಚಿಪ್ಪನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಎರಡೂ ಒಂದು ಕಡೆ ಅಗಲ, ಒಂದು ಕಡೆ ಚೂಪು. ಮಣ್ಣು ಮೆತ್ತಿಕೊಂಡು ಸವೆದಿದ್ದರಂತೂ ಹೊರಗಿನಿಂದ ಬೇರೆ ಮಾಡುವುದು ಕಷ್ಟ.

ಕುಯ್ದರೆ ಗೊತ್ತಾಗುತ್ತದೆ, ಆದರೆ ಒಂದು ಸೀಳು ಸಾಲದು. ನಾನು ಈ ವಿಷಯವನ್ನೇ ಆರಿಸಿಕೊಳ್ಳಲು ಕಾರಣವೂ ಇದೇ. ನೇರ ಚಿಪ್ಪಿನ ಶಿರಪಾದಿಯನ್ನು ಉದ್ದಕ್ಕೆ ಸೀಳಿದರೆ ಬಿದಿರನ್ನು ಸೀಳಿದಂತೆ ಕಾಣುತ್ತದೆ, ಗಿಣ್ಣು ಗಿಣ್ಣಿಗೊಂದು ಅಡ್ಡಗೋಡೆ. ಆದರೆ ಹಲವು ಹವಳಗಳಲ್ಲಿಯೂ ಪ್ರಾಣಿ ಮೇಲೆ ಮೇಲೆ ಸರಿದಂತೆ ಕೆಳಗೆ ಒಂದೊಂದು ನೆಲ ಹಾಕಿಕೊಳ್ಳುತ್ತದೆ. ಟ್ಯಾಬುಲಾ ಎನ್ನುವ ಈ ನೆಲಗಳು ಉದ್ದ ಸೀಳಿನಲ್ಲಿ ಅದೇ ಬಿದಿರಿನಂತೆ ಕಾಣುತ್ತವೆ. ಇಲ್ಲಿಗೇ ನಿಂತವರು ಹವಳವನ್ನು ಶಿರಪಾದಿ ಎಂದು ಬರೆದುಬಿಡುತ್ತಾರೆ. ಈಗ ಅಡ್ಡಕ್ಕೆ ಕುಯ್ಯಿರಿ. ಕೊಂಬು ಹವಳ ಅಡ್ಡಕ್ಕೆ ಕುಯ್ದ ನಿಂಬೆಹಣ್ಣಿನಂತೆ ತೆರೆದುಕೊಳ್ಳುತ್ತದೆ, ಸುತ್ತಲಿನ ಗೋಡೆಯಿಂದ ನಡುವಿನ ಕಡೆಗೆ ಗಾಡಿ ಚಕ್ರದ ಅರಗಳಂತೆ ತೆಳುವಾದ ಗೋಡೆಗಳು. ಶಿರಪಾದಿಯಲ್ಲಿ ಈ ಅರಗಳಿಲ್ಲ. ಬರಿಯ ವೃತ್ತ, ಅದರೊಳಗೆ ಎಲ್ಲೋ ಒಂದು ಕಡೆ ನಾಳದ ಸಣ್ಣ ಉಂಗುರ. ಜೇನುಹುಟ್ಟಿನಂತೆ ನೂರಾರು ಸಣ್ಣ ಕೊಳವೆಗಳು ಅಂಟಿಕೊಂಡ ಹಳೆಯ ಹವಳಗಳೂ ಇವೆ, ಅವುಗಳಲ್ಲಿ ಅರಗಳು ಇಲ್ಲವೇ ಇಲ್ಲ ಎನ್ನುವಷ್ಟು ಮೋಟು. ಅಲ್ಲಿ ನಾಳ ಇಲ್ಲದಿರುವುದೇ ಗುರುತು. ಹವಳದ ಯಾವ ಜಾತಿಗೂ ಸೈಫಂಕಲ್ ಇಲ್ಲ. ಅದು ತೇಲಬೇಕಾದ ಪ್ರಾಣಿಯಲ್ಲ, ನೆಲಕ್ಕೆ ಅಂಟಿ ಕೂರುವ ಪ್ರಾಣಿ. ಗೋಡೆ ಎರಡರಲ್ಲೂ ಇದ್ದರೂ ಗೋಡೆಯ ಕೆಲಸ ಬೇರೆ ಎಂದು ಮಕ್ಕಳಿಗೆ ಹೊಳೆಯುವುದು ಇಲ್ಲಿ.

ಈ ಅರಗಳನ್ನು ಎಣಿಸಿದರೆ ಕಾಲವೂ ತಿಳಿಯುತ್ತದೆ. ಹಳೆಯ ರುಗೋಸ ಹವಳಗಳಲ್ಲಿ ಹೊಸ ಅರಗಳು ನಾಲ್ಕು ಭಾಗಗಳಲ್ಲಿ ಸೇರುತ್ತಾ ಹೋಗುತ್ತವೆ. ಇಂದಿನ ಗಟ್ಟಿ ಹವಳಗಳಲ್ಲಿ ಆರರ ಲೆಕ್ಕ. ರುಗೋಸಗಳು ಸುಮಾರು 25 ಕೋಟಿ ವರ್ಷಗಳ ಹಿಂದೆ ಪೂರ್ತಿ ಅಳಿದವು, ಆರರ ಲೆಕ್ಕದವು ಆಮೇಲೆ ಬಂದವು. ಹಾಗೆಯೇ ಹೊಲಿಗೆ ಗೆರೆ. ಅಮೋನೈಟ್ ಬಳಗದ ಹಳಬರಲ್ಲಿ ಅದು ಸರಳ ಅಂಕುಡೊಂಕು, ನಂತರದವರಲ್ಲಿ ನೆರಿಗೆಯೊಳಗೆ ನೆರಿಗೆ. ಆ ಬಳಗ ಮುಗಿದದ್ದು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಜೊತೆಗೇ. ಆಕಾರದ ಚಿತ್ರ ತೋರಿಸಿ ಹೆಸರು ಕಲಿಸುವ ಪಾಠದಲ್ಲಿ ಈ ಯಾವುದಕ್ಕೂ ದಾರಿ ಇಲ್ಲ.

‘ನಮ್ಮಲ್ಲಿ ಅಮೋನೈಟ್ ಎಲ್ಲಿದೆ ಸಾರ್, ಕುಯ್ಯೋಕೆ?’ ಎಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಮೊದಲು ನಮ್ಮ ಜಿಲ್ಲೆಯ ಕಲ್ಲುಗಳ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಈ ಪಾಠದಲ್ಲಿ ಅತಿ ಹೆಚ್ಚು ಅನಾಹುತ ಆಗುವುದು ಅಲ್ಲಿ.

ಗೊರೂರಿನ ಸುತ್ತಮುತ್ತಲಿನ ನೈಸ್ ಶಿಲೆಯ ವಯಸ್ಸು ಸುಮಾರು 330 ಕೋಟಿ ವರ್ಷ. ಹೊಳೆನರಸೀಪುರದ ಶಿಸ್ಟ್ ಪಟ್ಟಿ ಭೂವಿಜ್ಞಾನಿಗಳಿಗೆ ಚಿರಪರಿಚಿತ, ಅದೂ 300 ಕೋಟಿ ವರ್ಷಕ್ಕಿಂತ ಹಳೆಯದು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಪಟ್ಟಿಯೂ ಅದೇ ಪ್ರಾಚೀನ ವರ್ಗದ್ದು, ಬೈರಾಪುರದ ಕ್ರೋಮೈಟ್ ಗಣಿ ಅದರಲ್ಲೇ ಇದೆ. ಚಿಪ್ಪು ಕಟ್ಟಿದ ಮೊದಲ ಶಿರಪಾದಿಗಳು ಬಂದದ್ದು ಸುಮಾರು 50 ಕೋಟಿ ವರ್ಷಗಳ ಹಿಂದೆ. ಅಂದರೆ ನಮ್ಮ ಕಾಲ ಕೆಳಗಿನ ಬಂಡೆ ಹುಟ್ಟಿದಾಗ ಕುಯ್ದು ನೋಡಲು ಭೂಮಿಯ ಮೇಲೆ ಒಂದು ಚಿಪ್ಪೂ ಇರಲಿಲ್ಲ. ಜೊತೆಗೆ ಈ ಬಂಡೆಗಳು ನೆಲದಾಳದಲ್ಲಿ ಕಾದು, ಒತ್ತಡಕ್ಕೆ ಸಿಕ್ಕಿ, ಮಡಿಚಿ ರೂಪಾಂತರಗೊಂಡಿವೆ. ಇದು ಕೊರತೆಯಲ್ಲ, ಒಳ್ಳೆಯ ಪಾಠ. ‘ಇಲ್ಲಿ ಏಕೆ ಸಿಗುವುದಿಲ್ಲ’ ಎಂದು ವಿವರಿಸಬಲ್ಲ ಮಗುವಿಗೆ ಪಳೆಯುಳಿಕೆ ಎಂದರೇನೆಂದು ‘ಇದು ಅಮೋನೈಟ್’ ಎಂದು ಕೂಗುವ ಮಗುವಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಆದರೆ ಮಕ್ಕಳು ಕಲ್ಲು ತರುತ್ತಾರೆ. ತರಲೇಬೇಕು. ಮಡಿಚಿದ ನೈಸ್‌ನಲ್ಲಿ ಕಪ್ಪು ಬಿಳಿ ಪಟ್ಟಿಗಳು ಸುತ್ತಿಕೊಂಡು ಸುರುಳಿಯಂತೆ ಕಾಣುವುದುಂಟು. ಕಲ್ಲಿನ ಬಿರುಕಿನಲ್ಲಿ ಮ್ಯಾಂಗನೀಸ್ ಹರಡಿ ಜರೀಗಿಡದ ಎಲೆಯಂತೆ ಗೆರೆ ಮೂಡುವುದುಂಟು. ಒಂದು ಶಾಲೆಯಲ್ಲಿ ಹೊಲದ ಬದುವಿನಲ್ಲಿ ಸಿಕ್ಕ ಇಂತಹ ಸುರುಳಿ ಕಲ್ಲನ್ನು ಹುಡುಗನೊಬ್ಬ ತಂದಾಗ ಪ್ರಶಿಕ್ಷಣಾರ್ಥಿ ‘ಶಭಾಷ್, ಪಳೆಯುಳಿಕೆ!’ ಎಂದರು, ತರಗತಿ ಚಪ್ಪಾಳೆ ತಟ್ಟಿತು, ಕಲ್ಲು ವಿಜ್ಞಾನ ಮೂಲೆಗೆ ಹೋಯಿತು. ಅದು ಅಲ್ಲೇ ಇದೆ ಎಂದು ಕೇಳಿದ್ದೇನೆ. ಮುಂದಿನ ಬ್ಯಾಚಿನ ಮಕ್ಕಳಿಗೂ ಅದು ಪಳೆಯುಳಿಕೆಯೇ.

ಹೊಳೆನರಸೀಪುರ ತಾಲ್ಲೂಕಿನ ಇನ್ನೊಂದು ಶಾಲೆಯಲ್ಲಿ ಇದೇ ಸಂದರ್ಭ ಬೇರೆ ರೀತಿ ಸಾಗಿತು. ‘ಮಿಸ್, ಇದು ಬಸವನಹುಳ ಕಲ್ಲಾಗಿರೋದಾ?’ ಎಂದು ಹುಡುಗಿ ಕೇಳಿದಳು. ಪ್ರಶಿಕ್ಷಣಾರ್ಥಿ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಕಲ್ಲಿಗೆ ನೀರು ಚಿಮುಕಿಸಿ ಕೈಗೆ ಕೊಟ್ಟು, ‘ಸುರುಳಿಯ ಗೋಡೆ ಯಾವುದು ತೋರಿಸು. ಗೋಡೆಗೂ ಒಳಗಿನ ತುಂಬಿಗೂ ವ್ಯತ್ಯಾಸ ಇದೆಯಾ? ಕಲ್ಲಿನ ಹಿಂದುಗಡೆ ಏನಿದೆ?’ ಎಂದು ಕೇಳಿದರು. ಹಿಂದುಗಡೆಯೂ ಅದೇ ಸುರುಳಿ ಕಾಣಿಸಿತು, ಪಕ್ಕದಲ್ಲಿ ಪಟ್ಟಿಗಳು ನೇರವಾಗಿ ಕಲ್ಲಿನ ಆಚೆಗೆ ಓಡಿಹೋಗಿದ್ದವು. ಸುರುಳಿ ಹಾಸಿಗೆಯನ್ನು ಸುತ್ತಿಟ್ಟಂತೆ, ಅದು ಮುಚ್ಚಿದ ಚಿಪ್ಪಲ್ಲ. ‘ಹಂಗಾದ್ರೆ ಇದು ಮಡಚಿರೋದು ಮಿಸ್’ ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಆ ಪ್ರಶಿಕ್ಷಣಾರ್ಥಿ ಕಲಾ ವಿಭಾಗದಿಂದ ಬಂದವರಲ್ಲ, ಆದರೆ ಪದವಿಯಲ್ಲಿ ಭೂವಿಜ್ಞಾನ ಓದಿದವರೂ ಅಲ್ಲ. ಒಳಗೆ ನೋಡುವ ಪ್ರಶ್ನೆ ಕೇಳಲು ಭೂವಿಜ್ಞಾನದ ಪದವಿ ಬೇಕಿಲ್ಲ.

ಈಗ ಆ ನ್ಯಾಯವಾದ ಪ್ರಶ್ನೆಗೆ ಬರೋಣ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅಮೋನೈಟ್ ಬಂಡೆಯಲ್ಲಿ ಇಲ್ಲ, ಆದರೆ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿದೆ. ನೇಪಾಳದ ಗಂಡಕಿ ನದಿಯಿಂದ ಬರುವ ಸಾಲಿಗ್ರಾಮಗಳು ಬಹುಪಾಲು ಹಿಮಾಲಯದ ಜುರಾಸಿಕ್ ಕಾಲದ ಕಪ್ಪು ಶೇಲ್‌ನ ಗುಂಡುಗಳು, ಅವುಗಳೊಳಗೆ ಅಮೋನೈಟ್ ಅಥವಾ ಅದರ ಅಚ್ಚು ಇರುತ್ತದೆ. ಹೊಳೆನರಸೀಪುರದಿಂದ ದಕ್ಷಿಣಕ್ಕೆ ಹೋದರೆ ಊರಿನ ಹೆಸರೇ ಸಾಲಿಗ್ರಾಮ. ಹೀಗಾಗಿ ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ‘ಸಾಲಿಗ್ರಾಮ ಇರುವವರು ನಾಳೆ ತನ್ನಿ’ ಎಂದು ಪಾಠ ಯೋಜನೆಯಲ್ಲಿ ಬರೆಯುತ್ತಾರೆ. ನಾನು ಅದನ್ನು ಪ್ರತಿ ಸಲವೂ ಹೊಡೆದುಹಾಕುತ್ತೇನೆ. ಅದು ಪೂಜೆಯ ವಸ್ತು, ಮಡಿಯಲ್ಲಿ ಇಡುವಂತಹದ್ದು, ಪುಸ್ತಕದ ಚೀಲದಲ್ಲಿ ತರುವಂತಹದ್ದಲ್ಲ. ಅದಕ್ಕಿಂತ ಮುಖ್ಯವಾಗಿ, ಅದು ಯಾರ ಮನೆಯಲ್ಲಿದೆ, ಯಾರ ಮನೆಯಲ್ಲಿಲ್ಲ, ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂಬ ಪ್ರಶ್ನೆ ತರಗತಿಯ ನಡುವೆ ಬಂದು ಕೂರುತ್ತದೆ. ಜಾತಿಯ ಗೆರೆಯನ್ನು ವಿಜ್ಞಾನದ ಪಿರಿಯಡ್ಡಿನಲ್ಲಿ ಎಳೆಯುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ. ‘ನಿಮ್ಮ ದೇವರು ಬರೀ ಪಳೆಯುಳಿಕೆ’ ಎಂದು ಮಗುವಿನ ಮುಖಕ್ಕೆ ಹೇಳುವ ಉತ್ಸಾಹಿಗಳಿಗೂ ನನ್ನ ಒಪ್ಪಿಗೆಯಿಲ್ಲ. ‘ಬರೀ’ ಎಂಬ ಪದ ವಿಜ್ಞಾನದ್ದಲ್ಲ.

ಆದರೆ ಮಗುವೇ ‘ನಮ್ಮನೇಲೂ ಚಕ್ರದ ಕಲ್ಲಿದೆ’ ಎಂದರೆ ಮಾತು ತಪ್ಪಿಸಬಾರದು. ಅಲ್ಲಿ ಹೇಳಲು ಒಂದು ಸೊಗಸಾದ ವಿಷಯವಿದೆ. ಸಾಲಿಗ್ರಾಮದ ಬಗೆಗಳನ್ನು ಗುರುತಿಸುವ ಸಂಪ್ರದಾಯಸ್ಥರು ದ್ವಾರ ಎಷ್ಟು, ದ್ವಾರದೊಳಗೆ ಚಕ್ರ ಎಷ್ಟು ಎಂದು ಇಣುಕಿ ನೋಡಿಯೇ ಹೆಸರು ಹೇಳುತ್ತಾರೆ. ಹೊರಗೆ ಎಲ್ಲವೂ ಕಪ್ಪು ಗುಂಡುಕಲ್ಲೇ. ಒಳಗೆ ನೋಡುವ ಅಭ್ಯಾಸ ನಮ್ಮ ಮನೆಗಳಿಗೆ ಹೊಸದಲ್ಲ. ಇಷ್ಟಾದ ಮೇಲೆ ಒಂದು ಎಚ್ಚರಿಕೆಯೂ ಬೇಕು. ಸಾಲಿಗ್ರಾಮದ ಚಕ್ರದಲ್ಲಿ ಕಾಣುವ ಅರಗಳು ಒಳಗೋಡೆಗಳಲ್ಲ. ಅವು ಚಿಪ್ಪಿನ ಹೊರಮೈಯ ಏಣುಗಳು ಸುತ್ತಲಿನ ಮಣ್ಣಿನಲ್ಲಿ ಒತ್ತಿದ ಗುರುತು. ಜಾಲತಾಣದ ಫೋಟೊ ತೋರಿಸಿ ‘ನೋಡಿ, ಇವೇ ಕೋಣೆಗಳು’ ಎಂದು ಪ್ರಶಿಕ್ಷಣಾರ್ಥಿಗಳು ಬೆರಳಿಡುವುದು ಬಹುತೇಕ ಈ ಏಣುಗಳ ಮೇಲೆ. ಏಣು ಹೊರಗಿನ ಶೃಂಗಾರ, ಗೋಡೆ ಒಳಗಿನ ಕಟ್ಟಡ. ಗೋಡೆಯ ಗುರುತು ಕಾಣಬೇಕಾದರೆ ಚಿಪ್ಪು ಹೋಗಿ ಒಳಗಿನ ತುಂಬು ಉಳಿದಿರಬೇಕು.

ಈ ‘ಒಳಗಿನ ತುಂಬು’ ಮಕ್ಕಳಿಗೆ ಅರ್ಥವಾಗುವುದು ಅಚ್ಚುಬೆಲ್ಲದಿಂದ. ಆಲೆಮನೆಯಲ್ಲಿ ಮರದ ಅಚ್ಚಿಗೆ ಪಾಕ ಹೊಯ್ದು, ಆರಿದ ಮೇಲೆ ಅಚ್ಚು ತೆಗೆದರೆ ಬೆಲ್ಲದ ಮೈಮೇಲೆ ಮರದ ಗೆರೆ, ಕೂಡುವಿಕೆ ಎಲ್ಲ ಮೂಡಿರುತ್ತದೆ. ಕೋಣೆಗಳಿಗೆ ಕೆಸರು ತುಂಬಿ ಕಲ್ಲಾಗಿ, ಕಾಲಾಂತರದಲ್ಲಿ ಚಿಪ್ಪು ಕರಗಿಹೋದರೆ, ಉಳಿದ ಕಲ್ಲಿನ ಮೇಲೆ ಗೋಡೆ ಕೂಡಿದ ಜಾಗ ಹೊಲಿಗೆ ಗೆರೆಯಾಗಿ ಕಾಣುತ್ತದೆ. ಅರಕಲಗೂಡು ಕಡೆಯ ಒಂದು ಶಾಲೆಯಲ್ಲಿ ಈ ಹೋಲಿಕೆ ಹೇಳಿದಾಗ ಹುಡುಗರು ‘ಅಚ್ಚಲ್ಲಿ ಬಿರುಕಿದ್ರೆ ಬೆಲ್ಲದ ಮೇಲೆ ಏಣು ಬರುತ್ತೆ ಸಾ’ ಎಂದು ಪಾಠವನ್ನು ನಮಗಿಂತ ಮುಂದಕ್ಕೆ ಒಯ್ದರು.

ನಿಜವಾದ ಶಿರಪಾದಿಯ ಚಿಪ್ಪೇ ಬೇಕೆಂದರೆ ಅದು ಹಾಸನದ ಗ್ರಂಧಿಗೆ ಅಂಗಡಿಯಲ್ಲಿದೆ. ಸಮುದ್ರ ನೊರೆ ಅಥವಾ ಸಮುದ್ರಫೇನ ಎಂದು ಕೇಳಿ. ಕಿವಿಗೆ, ಚರ್ಮಕ್ಕೆ ಎಂದು ನಾಟಿ ಔಷಧಿಗೆ ಒಯ್ಯುವವರಿದ್ದಾರೆ, ಗಿಣಿ ಸಾಕುವವರು ಪಂಜರಕ್ಕೆ ಕಟ್ಟುತ್ತಾರೆ. ಹೆಸರು ಹೇಳುವಂತೆ ಅದು ಗಟ್ಟಿಯಾದ ನೊರೆಯಲ್ಲ. ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್‌ನ ಹತ್ತಿರದ ನೆಂಟ ಕಟ್ಲ್‌ಫಿಶ್ ಎಂಬ ಶಿರಪಾದಿಯ ಮೈಯೊಳಗಿನ ಚಿಪ್ಪು. ಬೆಳ್ಳಗಿದೆ, ಹಗುರವಾಗಿದೆ, ದಡಕ್ಕೆ ತೇಲಿ ಬರುತ್ತದೆ ಎಂದು ಹೊರಗಿನಿಂದ ನೋಡಿದವರು ನೊರೆ ಎಂದರು. ಹೊರಗಿನ ಗುರುತಿನಿಂದ ಇಟ್ಟ ಹೆಸರು ಹೇಗೆ ದಾರಿ ತಪ್ಪಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಅಗ್ಗದ ಉದಾಹರಣೆ ನನಗೆ ಸಿಕ್ಕಿಲ್ಲ.

ಚನ್ನರಾಯಪಟ್ಟಣದಲ್ಲಿ ಇಂಟರ್ನ್‌ಶಿಪ್ ಮಾಡಿದ ಪ್ರಶಿಕ್ಷಣಾರ್ಥಿಯೊಬ್ಬರು ಇದರ ಮೇಲೆ ನಡೆಸಿದ 40 ನಿಮಿಷದ ಪಾಠವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಐದು ಗುಂಪು, ಗುಂಪಿಗೊಂದು ತುಂಡು. ಮೊದಲು ಬಕೆಟ್ಟಿನಲ್ಲಿ ಹಾಕಿದರು, ತೇಲಿತು. ಏಕೆ ತೇಲಿತು ಎಂಬ ಊಹೆಗಳನ್ನು ಕಪ್ಪುಹಲಗೆಯ ಮೇಲೆ ಬರೆದರು, ಒಂದನ್ನೂ ಅಳಿಸಲಿಲ್ಲ. ಆಮೇಲೆ ತಾವೇ ಆಕ್ಸಾ ಬ್ಲೇಡಿನಿಂದ ಒಂದು ತುಂಡನ್ನು ಅಡ್ಡಕ್ಕೆ ಕುಯ್ದು, ಕುಯ್ದ ಮುಖವನ್ನು ಮರಳು ಕಾಗದದಲ್ಲಿ ನಯ ಮಾಡಿ ಭೂತಗನ್ನಡಿಯ ಜೊತೆ ಕೊಟ್ಟರು. ಪುಸ್ತಕದ ಹಾಳೆಗಳಂತೆ ಒತ್ತೊತ್ತಾಗಿ ತೆಳುವಾದ ಪದರಗಳು, ಪದರದಿಂದ ಪದರಕ್ಕೆ ನಿಂತ ಸಣ್ಣ ಸಣ್ಣ ಕಂಬಗಳು. ಮೆದುವಾದ ಬದಿಯಲ್ಲಿ ಕಾಣುವ ಅಲೆಅಲೆ ಗೆರೆಗಳು ಒಂದೊಂದೂ ಒಂದು ಪದರದ ಅಂಚು. ‘ಮಹಡಿ ಮೇಲೆ ಮಹಡಿ’ ಎಂದು ಒಬ್ಬ ಬರೆದ. ಇಷ್ಟು ಕೋಣೆಗಳು ಏತಕ್ಕೆ ಎಂದಾಗ, ಬಕೆಟ್ಟಿನ ಕಡೆ ನೋಡಿದವರು ಮಕ್ಕಳೇ. ಕೊನೆಗೆ ಪುಡಿಯ ಮೇಲೆ ನಿಂಬೆರಸ ಹಿಂಡಿದರು, ಬುರುಬುರು ನೊರೆ ಬಂತು: ಸುಣ್ಣದ ವಸ್ತು ಎಂದು ತಿಳಿಯಿತು. ಹಿಂಡುವ ಮೊದಲು ಆ ನಿಂಬೆಯನ್ನು ಅಡ್ಡಕ್ಕೆ ಕುಯ್ದು ಹವಳದ ಅರಗಳನ್ನು ತೋರಿಸಿದ್ದು ಅವರ ಜಾಣತನ. ಒಂದೇ ಹಣ್ಣಿನಲ್ಲಿ ಎರಡು ಕೆಲಸ.

ಗೋಡೆ ಮತ್ತು ನಾಳದ ಸಂಬಂಧಕ್ಕೆ ಅವರು ಕಾಗದದ ಟೀ ಲೋಟಗಳನ್ನು ಬಳಸಿದರು. ಹತ್ತು ಲೋಟಗಳ ತಳದ ನಡುವೆ ತೂತು ಮಾಡಿ, ಒಂದರೊಳಗೊಂದು ಸಡಿಲವಾಗಿ ಕೂರಿಸಿ, ಸ್ಟ್ರಾ ತೂರಿಸಿದರೆ ನೇರ ಚಿಪ್ಪಿನ ಶಿರಪಾದಿ. ಪ್ರತಿ ತಳವೂ ಒಂದು ಗೋಡೆ. ತೂತನ್ನು ಅಂಚಿಗೆ ಸರಿಸಿದರೆ ಅಮೋನೈಟಿನ ಕ್ರಮ. ಪಕ್ಕದಲ್ಲಿ ಇನ್ನೊಂದು ಲೋಟದೊಳಗೆ ರಟ್ಟಿನ ಪಟ್ಟಿಗಳನ್ನು ಗೋಡೆಯಿಂದ ನಡುವಿಗೆ ನಿಲ್ಲಿಸಿದರೆ ಹವಳ. ಎರಡನ್ನೂ ಕಣ್ಣು ಮುಚ್ಚಿ ಬೆರಳಿನಿಂದ ಮುಟ್ಟಿ ಗುರುತಿಸುವ ಆಟ ಆಡಿಸಿದರು. ದೃಷ್ಟಿ ಕಡಿಮೆ ಇದ್ದ ಹುಡುಗಿಯೊಬ್ಬಳು ಆ ದಿನ ಎಲ್ಲರಿಗಿಂತ ಬೇಗ ಉತ್ತರ ಹೇಳಿದಳು.

ಆಕ್ಷೇಪಗಳು ಗೊತ್ತಿವೆ. ಎನ್‌ಸಿಇಆರ್‌ಟಿಯ 10ನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ಅಮೋನೈಟ್ ಮತ್ತು ಟ್ರೈಲೊಬೈಟ್‌ಗಳ ಚಿತ್ರವಿತ್ತು. 2022ರ ಪರಿಷ್ಕರಣೆಯಲ್ಲಿ ಜೀವವಿಕಾಸದ ಭಾಗವನ್ನೇ ಕೈಬಿಟ್ಟರು, ಪಠ್ಯದಲ್ಲಿ ಇಲ್ಲದ್ದಕ್ಕೆ ಇಷ್ಟು ಶ್ರಮವೇ ಎಂದು ಕೇಳುವವರಿದ್ದಾರೆ. ಮಕ್ಕಳು ಹೊಲದಿಂದ ಕಲ್ಲು ತರುವುದನ್ನು ಯಾವ ಸಮಿತಿಯೂ ಕೈಬಿಡಿಸಿಲ್ಲ ಎಂಬುದು ನನ್ನ ಉತ್ತರ. ಸಮಯ ಸಾಲದು ಎನ್ನುವವರ ಮಾತಿನಲ್ಲಿ ಹೆಚ್ಚು ತೂಕವಿದೆ. ಚಾರ್ಟು ತೋರಿಸಿದರೆ ಹತ್ತು ನಿಮಿಷ, ಕುಯ್ದು ತೋರಿಸಿದರೆ ಪೂರ್ತಿ ಪಿರಿಯಡ್ಡು. ಒಪ್ಪುತ್ತೇನೆ. ಹಾಗಿದ್ದರೆ ಐದು ಪಳೆಯುಳಿಕೆಗಳ ಹೆಸರು ಬಿಟ್ಟು ಒಂದನ್ನು ಕುಯ್ಯೋಣ.

ಇದರಲ್ಲಿ ನಮ್ಮ, ಅಂದರೆ ಶಿಕ್ಷಕ ಶಿಕ್ಷಕರ, ಪಾಲು ದೊಡ್ಡದು. ನಾವು ತುಂಬುವ ವೀಕ್ಷಣಾ ನಮೂನೆಯಲ್ಲಿ ಧ್ವನಿಯ ಏರಿಳಿತಕ್ಕೆ ಅಂಕವಿದೆ, ಕಪ್ಪುಹಲಗೆ ಬಳಕೆಗೆ ಅಂಕವಿದೆ, ಉಪಕರಣದ ಅಂದಕ್ಕೆ ಅಂಕವಿದೆ. ‘ಇದು ಅದೇ ಎಂದು ಹೇಗೆ ಗೊತ್ತು?’ ಎಂದು ತರಗತಿಯಲ್ಲಿ ಒಮ್ಮೆಯಾದರೂ ಯಾರಾದರೂ ಕೇಳಿದರೇ ಎನ್ನುವುದಕ್ಕೆ ಅಂಕಣವಿಲ್ಲ. ಥರ್ಮಾಕೋಲಿನ ಅಮೋನೈಟಿಗೆ ಪ್ರಶಿಕ್ಷಣಾರ್ಥಿಗಳು ಮುನ್ನೂರು ರೂಪಾಯಿ ಸುರಿಯುವುದು ಅಂಕ ಅಲ್ಲಿ ಇರುವುದರಿಂದ. ಗುರುತಿನ ಆಧಾರವನ್ನು ಕೇಳಿದ್ದಕ್ಕೆ, ಮಕ್ಕಳಿಂದ ಹೊರಡಿಸಿದ್ದಕ್ಕೆ ಒಂದು ಸಾಲು ಸೇರಿಸಿ ಎಂದು ನಮ್ಮ ವಿಧಾನ ವಿಷಯದ ಸಭೆಯಲ್ಲಿ ಕೇಳಿದ್ದೇನೆ, ಇನ್ನೂ ಕೇಳುತ್ತೇನೆ.

ದಕ್ಷಿಣ ಭಾರತದ ಮಕ್ಕಳಿಗೆ ಈ ವಿಷಯ ದೂರದ್ದೆಂದು ಭಾವಿಸಬೇಕಾಗಿಯೂ ಇಲ್ಲ. ತಮಿಳುನಾಡಿನ ಅರಿಯಲೂರು, ತಿರುಚಿರಾಪಳ್ಳಿ ಭಾಗದ ಕ್ರಿಟೇಷಿಯಸ್ ಪದರಗಳಲ್ಲಿ ಅಮೋನೈಟ್, ನಾಟಿಲಸ್, ಹವಳ ಮೂರೂ ಸಿಗುತ್ತವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಫರ್ಡಿನಾಂಡ್ ಸ್ಟೊಲಿಚ್ಕಾ 1860ರ ದಶಕದಲ್ಲಿ ಅಲ್ಲಿನ ಅಮೋನೈಟ್‌ಗಳನ್ನೂ 1870ರ ದಶಕದ ಆರಂಭದಲ್ಲಿ ಹವಳಗಳನ್ನೂ ವಿವರಿಸಿ ಪ್ರಕಟಿಸಿದರು. ಹೊಲಿಗೆ ಗೆರೆಗಳ ರೇಖಾಚಿತ್ರವಿಲ್ಲದೆ ಅಂತಹ ಗ್ರಂಥಗಳು ಪೂರ್ತಿಯಾಗುವುದಿಲ್ಲ. ಅಂತಹ ಒಂದು ರೇಖಾಚಿತ್ರವನ್ನು ಮಕ್ಕಳ ಕೈಯಲ್ಲಿ ಟ್ರೇಸಿಂಗ್ ಹಾಳೆಯ ಮೇಲೆ ಬರೆಸುವುದು ಚಾರ್ಟಿಗಿಂತ ಹತ್ತು ಪಾಲು ಉತ್ತಮ.

ಈ ವರ್ಷ ಪ್ರಯತ್ನಿಸುವವರಿಗೆ ಕೆಲವು ಕೈಗೆ ಬರುವ ಮಾತುಗಳು. ರಾಮೇಶ್ವರ ಪ್ರವಾಸದಿಂದ ಹವಳದ ತುಂಡು ತರಿಸಬೇಡಿ. ಹವಳ ಮತ್ತು ನಾಟಿಲಸ್ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಅಂಗಡಿಗಳಲ್ಲಿ, ಜಾಲತಾಣಗಳಲ್ಲಿ ಮಾರುವ ಮೊರಾಕೊದ ಕಪ್ಪು ಕಲ್ಲಿನ ನೇರ ಚಿಪ್ಪುಗಳು ಚೆನ್ನಾಗಿ ಕಾಣುತ್ತವೆ, ಆದರೆ ಅವುಗಳಲ್ಲಿ ಅಂಟಿಸಿದ್ದು ಕೆತ್ತಿದ್ದು ಬಹಳ. ಕೊಂಡರೆ ಗೋಡೆಗಳು ಕಲ್ಲಿನ ಒಳಕ್ಕೂ ಹೋಗಿವೆಯೇ ಎಂದು ಪಕ್ಕದ ಮುಖ ನೋಡಿ. ಸಮುದ್ರ ನೊರೆ ಪುಡಿಯಾಗಿಯೂ ಸಿಗುತ್ತದೆ, ಇಡೀ ತುಂಡೇ ಬೇಕು ಎಂದು ಒತ್ತಿ ಹೇಳಿ. ಕುಯ್ಯುವಾಗ ಗಟ್ಟಿ ಬೆನ್ನಿನ ಕಡೆಯಿಂದ ಬ್ಲೇಡು ಹಾಕಬೇಕು; ಮೆದು ಬದಿಯಿಂದ ಹಾಕಿದರೆ ಪದರಗಳು ಪುಡಿಪುಡಿಯಾಗಿ ಏನೂ ಕಾಣುವುದಿಲ್ಲ.